ನೂಕಿದಷ್ಟೂ ಕಿರಿದಾಗುವ ಬಾಗಿಲು

ಹಾವೇರಿ ಜಿಲ್ಲೆಯ ಮಾಸೂರಿನ ಬಳಿ, ಗುಡ್ಡಗಳ ನಡುವಣ ಇಕ್ಕಟ್ಟಿನಲ್ಲಿ ಕುಮುದ್ವತಿ ನದಿಗೆ ಅಡ್ಡಲಾಗಿ ಕಟ್ಟಿದ ಮದಗದ ಕೆರೆಯನ್ನು ಕೆಲವರಾದರೂ ನೋಡಿರಬಹುದು. ಯಾವ ಕೆರೆಯ ತೂಬನ್ನು ತೆಗೆದರೂ, ಮೇಲೆ ನಿಂತ ನೀರಿನ ಎತ್ತರಕ್ಕೆ ತಕ್ಕಂತೆ ಹೊರಚಿಮ್ಮುವ ವೇಗ ಹೆಚ್ಚುತ್ತದೆ. ಎತ್ತರ ನಾಲ್ಮಡಿಯಾದರೆ ವೇಗ ಇಮ್ಮಡಿ. ಹಿಂದಿನ ಒತ್ತಡ ಹೆಚ್ಚಿದಷ್ಟೂ ಮುಂದಿನ ಹರಿವು ಹೆಚ್ಚು. ಇದು ನೀರಿನ ನಿಯಮ. ಜನರಿಗೂ ಇದು ಅನ್ವಯಿಸುವುದೆ?

ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಹತ್ತಿತು. ಬೆಂಕಿಗೂ ಕಾಲ್ತುಳಿತಕ್ಕೂ ಸಿಕ್ಕಿ 92 ಮಂದಿ ಮಡಿದರು. ಅವರಲ್ಲಿ ಬಹುಪಾಲು ಮಕ್ಕಳು.

ಮನೆಯಲ್ಲಿಯೇ ಒಂದು ಸಣ್ಣ ಪ್ರಯೋಗ ಮಾಡಬಹುದು. ಗಟ್ಟಿ ಕಾಗದವನ್ನು ಆಲಿಕೆಯಂತೆ ಸುತ್ತಿ, ತುದಿಯಲ್ಲಿ ಎರಡು ಮೂರು ಜೋಳದ ಕಾಳು ಹಿಡಿಸುವಷ್ಟು ತೂತು ಬಿಡಿ. ಅದರಲ್ಲಿ ಜೋಳ ಸುರಿಯಿರಿ. ಕೆಲವು ಕಾಳು ಉದುರಿದ ಮೇಲೆ ಹರಿವು ತಟ್ಟನೆ ನಿಲ್ಲುವುದು. ಕಾಳುಗಳು ಒಂದಕ್ಕೊಂದು ಆತುಕೊಂಡು ತೂತಿನ ಮೇಲೆ ಕಮಾನು ಕಟ್ಟಿರುತ್ತವೆ. ಬೆರಳಿನಿಂದ ಒತ್ತಿದರೆ, ಮೇಲಿನ ಭಾರದಿಂದ ಕಲ್ಲಿನ ಕಮಾನು ಬಿಗಿಯಾಗುವಂತೆ, ಇದೂ ಬಿಗಿಯಾಗುತ್ತದೆ. ಇಕ್ಕಟ್ಟಿನ ಬಾಗಿಲಿನಲ್ಲಿ ಮನುಷ್ಯನು ನೀರಿಗಿಂತ ಜೋಳಕ್ಕೇ ಹೆಚ್ಚು ಹತ್ತಿರ!

2000ನೆಯ ಇಸವಿಯಲ್ಲಿ ಡಿರ್ಕ್ ಹೆಲ್ಬಿಂಗ್, ಇಲ್ಯೇಶ್ ಫಾರ್ಕಾಶ್ ಮತ್ತು ತಮಾಶ್ ವಿಚೆಕ್ ಎಂಬ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಈ ವಿಷಯದ ಗಣಿತವನ್ನು ಪ್ರಕಟಿಸಿದರು. ಅವರ ಪ್ರಕಾರ ಗುಂಪಿನಲ್ಲಿರುವ ಪ್ರತಿಯೊಬ್ಬನ ಮೇಲೂ ಮೂರು ಬಗೆಯ ಬಲಗಳಿವೆ. ಮೊದಲನೆಯದು, ಬಾಗಿಲ ಕಡೆಗೆ ತಾನು ಬಯಸಿದ ವೇಗದಲ್ಲಿ ಸಾಗಬೇಕೆಂಬ ಪ್ರೇರಣೆ. ಎರಡನೆಯದು, ಇತರರಿಂದಲೂ ಗೋಡೆಯಿಂದಲೂ ದೂರವಿರಿಸುವ ವಿಕರ್ಷಣೆ. ಮೂರನೆಯದು, ಮೈಗೆ ಮೈ ತಗಲಿದಾಗ ಉಂಟಾಗುವ ಒತ್ತಡ ಮತ್ತು ಘರ್ಷಣೆ. ಇವುಗಳ ಮೊತ್ತಕ್ಕೆ ನ್ಯೂಟನ್ನನ ಎರಡನೆಯ ನಿಯಮವನ್ನು ಅನ್ವಯಿಸಿ, ಗಣಕಯಂತ್ರದಲ್ಲಿ 200 ಮಂದಿಯನ್ನು 1 ಮೀಟರು ಅಗಲದ ಬಾಗಿಲಿನಿಂದ ಹೊರಗೆ ಕಳುಹಿಸಿ ನೋಡಿದರು. ಬಯಸಿದ ವೇಗ ಸೆಕೆಂಡಿಗೆ ಸುಮಾರು 1.5 ಮೀಟರು ಆಗುವವರೆಗೆ ಕೋಣೆ ಬೇಗ ಬರಿದಾಯಿತು. ಅದನ್ನು ಮೀರಿದ ಮೇಲೆ, ಆತುರ ಹೆಚ್ಚಿದಷ್ಟೂ ತಡವೂ ಹೆಚ್ಚಿತು. ಒತ್ತಡದೊಡನೆ ಘರ್ಷಣೆ ಬೆಳೆದು, ಭುಜಕ್ಕೆ ಭುಜ ಸಿಕ್ಕಿ, ಬಾಗಿಲಿನಲ್ಲಿ ಮನುಷ್ಯರ ಕಮಾನು ಕಟ್ಟಿತು. ಬಾಗಿಲು ಇದ್ದಷ್ಟೇ ಇದ್ದರೂ ನೂಕುವವರ ಪಾಲಿಗೆ ಅದು ಕಿರಿದಾಯಿತು.

ಇದು ಬರಿಯ ಲೆಕ್ಕವೆಂದು ಅಲ್ಲಗಳೆಯುವಂತಿಲ್ಲ. 2015ರಲ್ಲಿ ಸ್ಪೇನ್ ದೇಶದ ಸಂಶೋಧಕರು ಮನುಷ್ಯರು, ಕುರಿಗಳು, ಕಾಳಿನಂಥ ಕಣಗಳು ಈ ಮೂರರಲ್ಲಿಯೂ ಇದೇ ಪರಿಣಾಮವನ್ನು ಪ್ರಯೋಗದಿಂದ ತೋರಿಸಿದರು. ಒಳಗೆ ನುಗ್ಗುವ ಬಾಗಿಲಿಗೂ ಒತ್ತಡದ ನಿಯಮ ಬೇರೆಯಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು.

ಹಾಗಾದರೆ ತಪ್ಪು ನೂಕಿದವರದೆ? ಹಿಂದೆ ನಿಂತವನಿಗೆ ಮುಂದಿನ ಬಾಗಿಲು ಕಾಣಿಸದು. ಮುಂದೆ ಸಿಕ್ಕಿಕೊಂಡವನ ಕೂಗು ಕೇಳಿಸದು. ಆದ್ದರಿಂದ ‘ಶಾಂತರಾಗಿರಿ’ ಎಂಬ ಉಪದೇಶವೊಂದೇ ಸಾಲದು, ಕಟ್ಟಡವೇ ನೆರವಾಗಬೇಕು. 1 ಮೀಟರು ಅಗಲದ ಬಾಗಿಲಿನಿಂದ, ನೂಕಾಟವಿಲ್ಲದಿದ್ದರೆ, ಸೆಕೆಂಡಿಗೆ ಸುಮಾರು 1.3 ಮಂದಿ ಹೊರಬರಬಲ್ಲರೆಂದು ಎಣಿಸುವುದುಂಟು. ಸಭಾಂಗಣದಲ್ಲಿ 400 ಮಂದಿ ಇದ್ದರೆ ಒಂದೇ ಬಾಗಿಲಿಗೆ 5 ನಿಮಿಷಕ್ಕೂ ಹೆಚ್ಚು ಬೇಕು. ಅಂಥದೇ ಎರಡನೆಯ ಬಾಗಿಲು ತೆರೆದಿದ್ದರೆ ಅರ್ಧದಷ್ಟು ಕಾಲ ಸಾಕು. ಆದರೆ ಗಾಬರಿಯಲ್ಲಿ ಜನರು ತಾವು ಬಂದ ಬಾಗಿಲನ್ನೇ ಹುಡುಕುವುದು ವಾಡಿಕೆ. ಆದಕಾರಣ ಎರಡನೆಯ ಬಾಗಿಲು ಇದ್ದರೆ ಸಾಲದು, ಅದರ ಪರಿಚಯವೂ ಮೊದಲೇ ಆಗಿರಬೇಕು.

ನಿಮ್ಮ ಶಾಲೆಯ ಸಭಾಂಗಣದಲ್ಲಿ ಎರಡನೆಯ ಬಾಗಿಲು ಎಲ್ಲಿದೆ? ಅದಕ್ಕೆ ಬೀಗ ಹಾಕಿದೆಯೆ? ಮುರಿದ ಬೆಂಚುಗಳನ್ನು ಅಡ್ಡ ಪೇರಿಸಿದೆಯೆ? ನಾಳೆ ಹೋದೊಡನೆ ನೋಡಿರಿ. ಹಾಗಿದ್ದರೆ ಅಧ್ಯಾಪಕರಿಗೆ ತಿಳಿಸಿರಿ. ಭೌತವಿಜ್ಞಾನದ ಈ ಪಾಠವನ್ನು ಬೆಂಕಿ ಹತ್ತುವ ಮೊದಲೇ ಕಲಿಯಬೇಕು.