ಬಿಳಿ ಪುಡಿಯ ಗುರುತು ಹಿಡಿಯುವ ವಿದ್ಯೆ

ಅಮೋನಿಯಂ ಕ್ಲೋರೈಡ್ ಬಿಳಿ. ಜಿಂಕ್ ಸಲ್ಫೇಟ್ ಬಿಳಿ. ಬೇರಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕಾರ್ಬೊನೇಟ್, ಸ್ಟ್ರಾನ್ಷಿಯಂ ನೈಟ್ರೇಟ್, ಮೆಗ್ನೀಸಿಯಂ ಸಲ್ಫೇಟ್ ಎಲ್ಲವೂ ಬಿಳಿಯೇ. ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯ ದಿನ ವಿದ್ಯಾರ್ಥಿಯ ಕೈಗೆ ಬರುವುದು ಇಂಥದ್ದೇ ಒಂದು ಲವಣ, ಚಿಟಿಕೆಗಳ ಲೆಕ್ಕದಲ್ಲಿ, ಹೆಸರಿಲ್ಲದೆ. ಅದರಲ್ಲಿ ಒಂದು ಋಣ ಅಯಾನು, ಒಂದು ಧನ ಅಯಾನು ಇರುತ್ತವೆ. ಕೆಲವು ಪ್ರನಾಳ, ಒಂದು ಬರ್ನರು, ಸಾಲಾಗಿ ನಿಂತ ಕಾರಕಗಳ ಬಾಟಲಿಗಳು, ಇಷ್ಟನ್ನೇ ನೆಚ್ಚಿಕೊಂಡು ಎರಡನ್ನೂ ಪತ್ತೆಮಾಡಬೇಕು. ಮಕ್ಕಳ ಬಾಯಲ್ಲಿ ಇದು ‘ಸಾಲ್ಟ್ ಅನಾಲಿಸಿಸ್’. ಪರೀಕ್ಷೆ ಮುಗಿಸಿ ಹೊರಬಂದವರನ್ನು ಗೆಳೆಯರು ಕೇಳುವ ಮೊದಲ ಪ್ರಶ್ನೆ, ‘ನಿಂಗೆ ಯಾವ ಸಾಲ್ಟ್ ಬಂತು?’

ರಸಾಯನಶಾಸ್ತ್ರದ ನೂರು ಅಂಕಗಳಲ್ಲಿ 70 ಲಿಖಿತ ಪರೀಕ್ಷೆಗೆ, 30 ಪ್ರಾಯೋಗಿಕಕ್ಕೆ. ಮನೆಯವರ ಚಿಂತೆಯೆಲ್ಲ ಎಪ್ಪತ್ತರ ಸುತ್ತಲೇ. ಟ್ಯೂಷನ್, ಪ್ರಶ್ನೆಕೋಠಿ, ಹಳೆಯ ಪ್ರಶ್ನೆಪತ್ರಿಕೆ ಎಲ್ಲವೂ ಅದಕ್ಕೇ. ಮೂವತ್ತು ಹೇಗೋ ಸಿಗುತ್ತದೆ ಎಂಬ ನಂಬಿಕೆ ಊರೂರಲ್ಲೂ ಇದೆ. ಸಿಗುತ್ತದೆಯೋ ಇಲ್ಲವೋ, ಅದು ಬೇರೆ ಮಾತು. ಆದರೆ ಎರಡು ವರ್ಷದ ಪಿಯು ಓದಿನಲ್ಲಿ ಹುಡುಗ ಹುಡುಗಿಯರು ತಮ್ಮ ಕೈಯಾರೆ, ತಮ್ಮದೇ ಕಣ್ಣನ್ನು ನಂಬಿ, ಗೊತ್ತಿಲ್ಲದ್ದೊಂದನ್ನು ಗೊತ್ತುಮಾಡಿಕೊಳ್ಳುವ ಜಾಗ ಇದೊಂದೇ ಎಂದು ನನಗೆ ಅನ್ನಿಸುತ್ತದೆ. ಅದಕ್ಕಾಗಿ ನಡೆಸುವ ಅಭ್ಯಾಸ ಬರೀ ಅಂಕದ ತಯಾರಿ ಅಲ್ಲ, ಒಂದು ಕಸುಬಿನ ಕಲಿಕೆ.

ಈ ಕಸುಬಿನ ಬೇರು ಜರ್ಮನಿಯಲ್ಲಿದೆ. ಕಾರ್ಲ್ ರೆಮಿಗಿಯಸ್ ಫ್ರೆಸೇನಿಯಸ್ ಎಂಬ ಯುವಕ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಬರೆದ ಗುಣಾತ್ಮಕ ವಿಶ್ಲೇಷಣೆಯ ಕೈಪಿಡಿ 1841ರಲ್ಲಿ ಅಚ್ಚಾಯಿತು. ಯಾವ ಕಾರಕವನ್ನು ಮೊದಲು ಹಾಕಬೇಕು, ಯಾವುದನ್ನು ಆಮೇಲೆ, ಏನು ಕಂಡರೆ ಯಾವ ದಾರಿ ಹಿಡಿಯಬೇಕು ಎಂಬ ಕ್ರಮವನ್ನು ಕಲಿಯುವವರಿಗೆ ಒಗ್ಗುವಂತೆ ಕಟ್ಟಿಕೊಟ್ಟ ಪುಸ್ತಕ ಅದು. ಇಂದು ಹಾವೇರಿಯಲ್ಲೋ ಸುಳ್ಯದಲ್ಲೋ ಒಬ್ಬ ಹುಡುಗಿ ತನ್ನ ರೆಕಾರ್ಡ್ ಪುಸ್ತಕದಲ್ಲಿ ಗೆರೆ ಎಳೆದು ತುಂಬುವ ಕೋಷ್ಟಕ ಆ ಪರಂಪರೆಯದೇ.

ಮೊದಲ ಸರದಿ ಋಣ ಅಯಾನಿನದು. ಲವಣಕ್ಕೆ ದುರ್ಬಲ ಸಲ್ಫ್ಯೂರಿಕ್ ಆಮ್ಲ ಹಾಕಿದಾಗ ಬುಸುಬುಸು ನೊರೆ ಬಂದು, ಹೊರಟ ಅನಿಲ ಸುಣ್ಣದ ತಿಳಿನೀರನ್ನು ಹಾಲಿನಂತಾಗಿಸಿದರೆ ಕಾರ್ಬೊನೇಟ್. ಏನೂ ಆಗದಿದ್ದರೆ ಪ್ರಬಲ ಸಲ್ಫ್ಯೂರಿಕ್ ಆಮ್ಲ. ಮೂಗಿಗೆ ಚುರ್ರೆನ್ನುವ ಅನಿಲ ಬಂದು, ಅಮೋನಿಯಾದಲ್ಲಿ ಅದ್ದಿದ ಗಾಜಿನ ಕಡ್ಡಿಯ ಬಳಿ ದಟ್ಟ ಬಿಳಿ ಹೊಗೆಯಾದರೆ ಕ್ಲೋರೈಡ್. ಕಂದು ಹೊಗೆಯಾದರೆ ಬ್ರೋಮೈಡ್ ಇರಬಹುದು, ನೈಟ್ರೇಟ್ ಇರಬಹುದು. ತಾಮ್ರದ ಚೂರು ಹಾಕಿ ಬಿಸಿ ಮಾಡಿದಾಗ ಹೊಗೆ ಇನ್ನಷ್ಟು ದಟ್ಟವಾದರೆ ನೈಟ್ರೇಟಿನ ಕಡೆಗೆ ಒಲವು. ಇದಕ್ಕೂ ಜಗ್ಗದಿದ್ದರೆ ಸಲ್ಫೇಟಿಗೆ ಬೇರಿಯಂ ಕ್ಲೋರೈಡ್ ಪರೀಕ್ಷೆ. ಇಲ್ಲಿಗೆ ಸಿಕ್ಕಿದ್ದು ಬರಿಯ ಅನುಮಾನ. ಇನ್ನೊಂದು ಸ್ವತಂತ್ರ ಪರೀಕ್ಷೆ ಅದನ್ನು ಖಚಿತಪಡಿಸಬೇಕು.

ನೈಟ್ರೇಟನ್ನು ಖಚಿತಪಡಿಸುವ ಕಂದು ಉಂಗುರದ ಪರೀಕ್ಷೆಯ ಬಗ್ಗೆ ಇಲ್ಲಿ ತುಸು ನಿಂತು ಹೇಳಬೇಕು, ಕೈಯ ಹದ ಎಂದರೇನು ಎಂಬುದನ್ನು ಅದರಷ್ಟು ಚೆನ್ನಾಗಿ ಕಲಿಸುವ ಪರೀಕ್ಷೆ ಇನ್ನೊಂದಿಲ್ಲ. ಲವಣದ ದ್ರಾವಣಕ್ಕೆ ಆಗಷ್ಟೇ ತಯಾರಿಸಿದ ಫೆರಸ್ ಸಲ್ಫೇಟ್ ದ್ರಾವಣ ಸೇರಿಸಬೇಕು. ನಿನ್ನೆಯದಾದರೆ ಗಾಳಿ ತಾಗಿ ಅದರ ಕಬ್ಬಿಣ ಫೆರಿಕ್ ರೂಪಕ್ಕೆ ತಿರುಗಿರುತ್ತದೆ, ಉಂಗುರ ಮೂಡದು. ಆಮೇಲೆ ಪ್ರನಾಳವನ್ನು ಓರೆಯಾಗಿ ಹಿಡಿದು, ಪ್ರಬಲ ಸಲ್ಫ್ಯೂರಿಕ್ ಆಮ್ಲವನ್ನು ಗೋಡೆಗುಂಟ ಹನಿಹನಿಯಾಗಿ ಇಳಿಬಿಡಬೇಕು. ಆಮ್ಲ ಭಾರ, ತಳಕ್ಕೆ ಹೋಗಿ ಕೂರುತ್ತದೆ. ಎರಡು ದ್ರವಗಳು ಸಂಧಿಸುವ ಗಡಿಯಲ್ಲಿ ತೆಳುವಾದ ಕಂದು ಉಂಗುರ ಕಾಣಿಸಿಕೊಳ್ಳುತ್ತದೆ. ಆಮ್ಲವನ್ನು ಒಮ್ಮೆಲೇ ಸುರಿದರೆ, ಅಥವಾ ಕೈ ಅಲುಗಿದರೆ, ಎಲ್ಲವೂ ಬೆರೆತು ಬಿಸಿಯೇರಿ ಉಂಗುರ ಅಳಿಯುತ್ತದೆ. ಪುಸ್ತಕದಲ್ಲಿ ಇದು ಎರಡು ಸಾಲಿನ ವಿವರಣೆ. ಕೈಗೆ ಹತ್ತಲು ಕೆಲವು ಮಧ್ಯಾಹ್ನಗಳೇ ಬೇಕು.

ಧನ ಅಯಾನಿನ ಹುಡುಕಾಟದಲ್ಲಿ ಈ ವಿದ್ಯೆಯ ನಿಜವಾದ ಬುದ್ಧಿ ಕಾಣುತ್ತದೆ. ಅಮೋನಿಯಂ ಮೊದಲೇ ಪ್ರತ್ಯೇಕವಾಗಿ ಸಿಕ್ಕಿಬೀಳುತ್ತದೆ: ಸೋಡಿಯಂ ಹೈಡ್ರಾಕ್ಸೈಡ್ ಜೊತೆ ಬಿಸಿ ಮಾಡಿದರೆ ಅಮೋನಿಯಾದ ಘಾಟು. ಉಳಿದ ಲೋಹಗಳು ಆರು ಗುಂಪುಗಳಲ್ಲಿ ಬರುತ್ತವೆ, ಮತ್ತು ಆ ಗುಂಪುಗಳ ಸರದಿ ತಪ್ಪುವಂತಿಲ್ಲ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸೀಸ ಬಿಳಿಯಾಗಿ ಬೀಳುತ್ತದೆ. ಅದೇ ಆಮ್ಲೀಯ ದ್ರಾವಣಕ್ಕೆ ಹೈಡ್ರೋಜನ್ ಸಲ್ಫೈಡ್ ಹಾಯಿಸಿದರೆ ತಾಮ್ರ ಕಪ್ಪಾಗಿ. ಅಮೋನಿಯಂ ಕ್ಲೋರೈಡ್ ಮತ್ತು ಅಮೋನಿಯಂ ಹೈಡ್ರಾಕ್ಸೈಡ್ ಸೇರಿದರೆ ಅಲ್ಯೂಮಿನಿಯಂ ಬಿಳಿಯ ಲೋಳೆಯಾಗಿ, ಫೆರಿಕ್ ಕಬ್ಬಿಣ ಕೆಂಗಂದಾಗಿ. ಆ ಕ್ಷಾರೀಯ ದ್ರಾವಣಕ್ಕೇ ಮತ್ತೆ ಹೈಡ್ರೋಜನ್ ಸಲ್ಫೈಡ್ ಹಾಯಿಸಿದರೆ ಜಿಂಕ್, ಮ್ಯಾಂಗನೀಸ್, ನಿಕ್ಕಲ್, ಕೋಬಾಲ್ಟ್. ಅಮೋನಿಯಂ ಕಾರ್ಬೊನೇಟಿಗೆ ಬೇರಿಯಂ, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂ. ಕೊನೆಗೆ ಮೆಗ್ನೀಸಿಯಂ.

ಒಂದೇ ಅನಿಲವನ್ನು ಎರಡು ಸಲ ಏಕೆ ಹಾಯಿಸಬೇಕು? ಆಮ್ಲ ಇರುವಾಗ ಹೈಡ್ರೋಜನ್ ಸಲ್ಫೈಡಿನಿಂದ ಸಲ್ಫೈಡ್ ಅಯಾನುಗಳು ತೀರಾ ಕಡಿಮೆ ಹುಟ್ಟುತ್ತವೆ, ಅಷ್ಟಕ್ಕೇ ಕೆಳಗಿಳಿಯುವುದು ಬಹಳ ಕಡಿಮೆ ಕರಗುವ ಸಲ್ಫೈಡುಗಳು ಮಾತ್ರ. ಕ್ಷಾರದಲ್ಲಿ ಆ ಅಯಾನುಗಳು ಹೆಚ್ಚುತ್ತವೆ, ಆಗ ಜಿಂಕಿನಂಥವುಗಳ ಸರದಿ. ಅಮೋನಿಯಂ ಹೈಡ್ರಾಕ್ಸೈಡಿಗಿಂತ ಮೊದಲು ಅಮೋನಿಯಂ ಕ್ಲೋರೈಡ್ ಹಾಕುವುದರ ಹಿಂದೆಯೂ ಇದೇ ಲೆಕ್ಕ: ಹೈಡ್ರಾಕ್ಸೈಡ್ ಅಯಾನುಗಳನ್ನು ಹಿಡಿತದಲ್ಲಿ ಇಡದಿದ್ದರೆ ಮೆಗ್ನೀಸಿಯಂ, ಜಿಂಕ್‌ಗಳೂ ಅಲ್ಯೂಮಿನಿಯಂ ಜೊತೆಗೇ ಬಿದ್ದು ಗೊಂದಲವಾಗುತ್ತದೆ. ಪ್ರಥಮ ಪಿಯುಸಿಯ ಸಮತೋಲನದ ಪಾಠದಲ್ಲಿ ಸಾಮಾನ್ಯ ಅಯಾನು ಪರಿಣಾಮ, ವಿಲೀನತಾ ಗುಣಲಬ್ಧ ಎಂದು ಬಾಯಿಪಾಠ ಮಾಡಿದ್ದೆಲ್ಲ ಇಲ್ಲಿ ಪ್ರನಾಳದಲ್ಲಿ ನಡೆಯುತ್ತಿರುತ್ತದೆ. ಲ್ಯಾಬಿನಲ್ಲಿ ನಿಂತು ಆ ಪಾಠವನ್ನು ಮತ್ತೊಮ್ಮೆ ಹೇಳುವ ಅಧ್ಯಾಪಕರು ಸಿಕ್ಕ ಮಕ್ಕಳು ಪುಣ್ಯವಂತರು.

ಖಚಿತ ಪರೀಕ್ಷೆಗಳಲ್ಲಿ ಕೆಲವು ಎಷ್ಟು ಚೆಲುವಾಗಿವೆ ಎಂದರೆ ಅವನ್ನು ಪರೀಕ್ಷೆಗಷ್ಟೇ ಮೀಸಲಿಡುವುದು ಅನ್ಯಾಯ. ಸೀಸದ ದ್ರಾವಣಕ್ಕೆ ಪೊಟ್ಯಾಸಿಯಂ ಅಯೋಡೈಡ್ ಹಾಕಿದರೆ ಹಳದಿ ಪ್ರಕ್ಷೇಪ. ಅದಕ್ಕೆ ನೀರು ಸೇರಿಸಿ ಕಾಯಿಸಿದರೆ ಕರಗಿ ತಿಳಿಯಾಗುತ್ತದೆ. ತಣಿಯಲು ಬಿಟ್ಟರೆ ಬಂಗಾರದ ಬಣ್ಣದ ಹರಳುಗಳು ಮಿನುಗುತ್ತಾ ಇಳಿಯತೊಡಗುತ್ತವೆ. ನಿಕ್ಕಲ್ ಇದ್ದರೆ ಡೈಮಿಥೈಲ್ ಗ್ಲೈಆಕ್ಸಿಮ್ ಕಡುಗುಲಾಬಿ ಕೆಂಪನ್ನು ಹೊರಡಿಸುತ್ತದೆ. ರಷ್ಯಾದ ಲೆವ್ ಚುಗಾಯೆವ್ 1905ರಲ್ಲಿ ಕಂಡುಕೊಂಡದ್ದು. ಇನ್ನು ಜ್ವಾಲಾ ಪರೀಕ್ಷೆ: ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ ಶುದ್ಧಮಾಡಿದ ಪ್ಲಾಟಿನಂ ತಂತಿಯ ತುದಿಗೆ ಲವಣ ಹಚ್ಚಿ ಜ್ವಾಲೆಗೆ ಹಿಡಿದರೆ ಕ್ಯಾಲ್ಸಿಯಂ ಇಟ್ಟಿಗೆ ಕೆಂಪು, ಸ್ಟ್ರಾನ್ಷಿಯಂ ಕಡುಗೆಂಪು, ಬೇರಿಯಂ ತಿಳಿಹಸಿರು.

ಇದಕ್ಕೆ ಬಣ್ಣವಿಲ್ಲದ ಶುದ್ಧ ಜ್ವಾಲೆ ಬೇಕಿತ್ತು. ಹೈಡೆಲ್‌ಬರ್ಗಿನಲ್ಲಿ ರಾಬರ್ಟ್ ಬುನ್ಸೆನ್ 1855ರ ಸುಮಾರಿಗೆ ತಮ್ಮ ಬರ್ನರಿನಿಂದ ಅದನ್ನು ಒದಗಿಸಿದರು. ಗುಸ್ತಾವ್ ಕಿರ್ಖಾಫ್ ಜೊತೆಗೂಡಿ ಆ ಬೆಳಕನ್ನು ಪಟ್ಟಕದ ಮೂಲಕ ಒಡೆದು ನೋಡಿ 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಎಂಬ ಹೊಸ ಧಾತುಗಳನ್ನೇ ಕಂಡುಹಿಡಿದರು. ಅದೇ ದಾರಿಯಲ್ಲಿ ಮುಂದುವರಿದು 1898ರಲ್ಲಿ ನಿಯಾನ್, ಕ್ರಿಪ್ಟಾನ್, ಕ್ಸೆನಾನ್‌ಗಳನ್ನು ಅವುಗಳ ಬೆಳಕಿನ ಗೆರೆಗಳಿಂದ ಗುರುತಿಸಿದವರು ವಿಲಿಯಂ ರ‍್ಯಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್. ಈ ಟ್ರಾವರ್ಸ್ ಅವರೇ ಮುಂದೆ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾದರು. ಪಿಯು ಲ್ಯಾಬಿನ ತಂತಿಯ ತುದಿಯ ಬೆಳಕಿಗೂ ಮಲ್ಲೇಶ್ವರದ ಪಕ್ಕದ ಆ ಸಂಸ್ಥೆಗೂ ಇಂಥ ನಂಟಿದೆ ಎಂದು ಮಕ್ಕಳಿಗೆ ಯಾರಾದರೂ ಹೇಳಬೇಕು.

ಪರೀಕ್ಷೆಯ ಇನ್ನೊಂದು ಕಾಲು ಟೈಟ್ರೇಷನ್. ಬ್ಯೂರೆಟ್ಟಿನಲ್ಲಿ ನೇರಳೆ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟ್, ಕೆಳಗೆ ಫ್ಲಾಸ್ಕಿನಲ್ಲಿ ಆಕ್ಸಾಲಿಕ್ ಆಮ್ಲ ಅಥವಾ ಮೋರ್ ಲವಣ. ಆಕ್ಸಾಲಿಕ್ ಆಮ್ಲವಾದರೆ 50ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಬೇಕು; ಮೋರ್ ಲವಣವನ್ನು ಬಿಸಿ ಮಾಡಬಾರದು, ಅದರ ಕಬ್ಬಿಣವನ್ನು ಗಾಳಿಯೇ ಉತ್ಕರ್ಷಿಸಿಬಿಡುತ್ತದೆ. ಆಕ್ಸಾಲಿಕ್ ಆಮ್ಲಕ್ಕೆ ಬಿದ್ದ ಮೊದಲ ಹನಿಗಳ ಬಣ್ಣ ಹೋಗಲು ತಡವಾಗುತ್ತದೆ, ಮಕ್ಕಳು ಗಾಬರಿಯಾಗುತ್ತಾರೆ. ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನೇ ಮುಂದಿನ ಹನಿಗಳಿಗೆ ವೇಗ ಕೊಡುತ್ತದೆ, ಆಮೇಲಿನವು ಬಿದ್ದಲ್ಲೇ ಮಾಯ. ಕೊನೆಯಲ್ಲಿ ಒಂದೇ ಹನಿಗೆ ನಸುಗುಲಾಬಿ ಬಣ್ಣ ನಿಂತರೆ ಅದೇ ಎಂಡ್ ಪಾಯಿಂಟ್. ಬಣ್ಣ ಕಡುವಾಯಿತೆಂದರೆ ಹೆಚ್ಚು ಬಿಟ್ಟಿರಿ ಎಂದರ್ಥ. ಕಂದು ಕದಡಿತೆಂದರೆ ಆಮ್ಲ ಸಾಲಲಿಲ್ಲ ಅಥವಾ ಅವಸರ ಮಾಡಿದಿರಿ. ಗಾಢ ಬಣ್ಣದ ದ್ರಾವಣವಾದ್ದರಿಂದ ಬ್ಯೂರೆಟ್ಟಿನಲ್ಲಿ ಬಾಗಿದ ಮೇಲ್ಮೈಯ ತಳವಲ್ಲ, ಮೇಲಂಚನ್ನು ಓದಬೇಕು, ಕಣ್ಣನ್ನು ಅದೇ ಮಟ್ಟಕ್ಕೆ ತಂದು.

ನೀರಿನ ವಿಷಯ ಪಠ್ಯದಲ್ಲಿ ಅಷ್ಟಾಗಿ ಬರುವುದಿಲ್ಲ, ಆದರೆ ನಮ್ಮ ಬಯಲುಸೀಮೆಯ ಕಾಲೇಜುಗಳಲ್ಲಿ ಅದು ದೊಡ್ಡ ವಿಷಯ. ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಕ್ಲೋರೈಡ್, ಸಲ್ಫೇಟ್ ಮೊದಲೇ ಇರುತ್ತವೆ. ನಲ್ಲಿ ನೀರಲ್ಲಿ ತೊಳೆದ ಪ್ರನಾಳದಲ್ಲಿ ಸಿಲ್ವರ್ ನೈಟ್ರೇಟ್ ಬಿದ್ದೊಡನೆ ಬಿಳಿ ಕದಡುತ್ತದೆ, ಲವಣದಲ್ಲಿ ಇಲ್ಲದ ಕ್ಲೋರೈಡ್ ಉತ್ತರಪತ್ರಿಕೆಗೆ ಏರುತ್ತದೆ. ಕೊನೆಯ ಸಲ ಭಟ್ಟಿ ಇಳಿಸಿದ ನೀರಲ್ಲಿ ಗಲಬರಿಸುವುದು, ಅನುಮಾನ ಬಂದರೆ ಬರೀ ನೀರಿಗೇ ಅದೇ ಪರೀಕ್ಷೆ ಮಾಡಿ ನೋಡುವುದು ಮೊದಲ ದಿನದಿಂದಲೇ ರೂಢಿಯಾಗಬೇಕು. ಬ್ಯೂರೆಟ್ಟನ್ನು ಅದರಲ್ಲಿ ತುಂಬುವ ದ್ರಾವಣದಿಂದಲೇ ಗಲಬರಿಸಬೇಕು, ಫ್ಲಾಸ್ಕನ್ನು ಮಾತ್ರ ಎಂದೂ ಹಾಗೆ ಮಾಡಬಾರದು: ಉಳಿದ ತೇವದಲ್ಲಿನ ಆಕ್ಸಾಲಿಕ್ ಆಮ್ಲ ಲೆಕ್ಕಕ್ಕೆ ಸೇರಿಬಿಡುತ್ತದೆ.

ಹಳ್ಳಿಯ ಕನ್ನಡ ಮಾಧ್ಯಮ ಶಾಲೆಯಿಂದ ಬಂದ ಮಕ್ಕಳಿಗೆ ಪಿಯು ವಿಜ್ಞಾನದ ತರಗತಿ ಹಲವು ತಿಂಗಳು ಇಂಗ್ಲಿಷಿನ ಕಾಡು. ಲ್ಯಾಬಿನಲ್ಲಿ ಅವರು ನೆಟ್ಟಗೆ ನಿಲ್ಲುವುದನ್ನು ಯಾವ ಅಧ್ಯಾಪಕರನ್ನು ಕೇಳಿದರೂ ಹೇಳುತ್ತಾರೆ. ಕಂದು ಹೊಗೆ ಕಾಣಲು, ಘಾಟು ತಿಳಿಯಲು, ಕೈ ನಡುಗದಂತೆ ಹನಿ ಬಿಡಲು ಯಾವ ಮಾಧ್ಯಮವೂ ಅಡ್ಡಿಯಲ್ಲ. ಅಂಥವರಿಗೆ ಲ್ಯಾಬಿನ ಅವಧಿಗಳನ್ನು ಕಡಿತ ಮಾಡಿ ಆ ಹೊತ್ತಿನಲ್ಲೂ ನೋಟ್ಸ್ ಬರೆಸುವುದು ದೊಡ್ಡ ತಪ್ಪು.

ಅದಕ್ಕಿಂತ ದೊಡ್ಡ ತಪ್ಪು ಲವಣದ ಹೆಸರನ್ನು ಮೊದಲೇ ತಿಳಿದುಕೊಂಡು ಹಿಂದಿನಿಂದ ಮುಂದಕ್ಕೆ ಬರೆಯುವುದು. ಹರಳಿನ ಆಕಾರ ನೋಡಿ ಊಹಿಸುವುದು, ಯಾರಿಂದಲೋ ಪಿಸುಮಾತಿನಲ್ಲಿ ಕೇಳಿಕೊಳ್ಳುವುದು, ಆಮೇಲೆ ಬಾಯಿಪಾಠದ ಕೋಷ್ಟಕವನ್ನು ಇಳಿಸುವುದು. ಉತ್ತರಪತ್ರಿಕೆಯಲ್ಲಿ ಮೂರು ಅಂಕಣಗಳಿವೆ: ಮಾಡಿದ್ದು, ಕಂಡದ್ದು, ಅದರಿಂದ ತಿಳಿದದ್ದು. ನಡುವಿನ ಅಂಕಣ ಸುಳ್ಳಾದರೆ ಮೂರನೆಯದಕ್ಕೆ ಬೆಲೆಯಿಲ್ಲ. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಫುಲ್ಲಚಂದ್ರ ರಾಯ್ ಪಾದರಸದ ಮೇಲೆ ದುರ್ಬಲ ನೈಟ್ರಿಕ್ ಆಮ್ಲ ಹಾಕಿದ್ದಾಗ ನಿರೀಕ್ಷಿಸದ ಹಳದಿ ಹರಳುಗಳು ಕಂಡವು. ಗೊತ್ತಿದ್ದ ಯಾವುದೋ ಪ್ರತ್ಯಾಮ್ಲೀಯ ಲವಣವಿರಬೇಕು ಎಂದು ಮೊದಲ ನೋಟಕ್ಕೆ ಅನ್ನಿಸಿತ್ತು. ಅವರು ಅಷ್ಟಕ್ಕೇ ಬಿಡದೆ ಪರೀಕ್ಷಿಸಿದರು: ಪಾದರಸ ಮರ್ಕ್ಯುರಸ್ ರೂಪದಲ್ಲಿತ್ತು, ಋಣ ಅಯಾನು ನೈಟ್ರೈಟ್ ಆಗಿತ್ತು. 1896ರಲ್ಲಿ ಪ್ರಕಟವಾದ ಮರ್ಕ್ಯುರಸ್ ನೈಟ್ರೈಟಿನ ಈ ಶೋಧ ಅವರ ಹೆಸರನ್ನು ದೇಶದಾಚೆಗೆ ಒಯ್ದಿತು. ಅವರು ಮಾಡಿದ ಮೊದಲ ಕೆಲಸ ನಮ್ಮ ಪಿಯು ಮಕ್ಕಳು ಮಾಡುವ ಕೆಲಸವೇ.

ಹಾಗಾದರೆ ಪರೀಕ್ಷೆಗೆ ಮೊದಲಿನ ವಾರಗಳಲ್ಲಿ ಹೇಗೆ ಅಭ್ಯಾಸ ಮಾಡಬೇಕು? ಮಧ್ಯಾಹ್ನಗಳಲ್ಲಿ ಲ್ಯಾಬ್ ತೆರೆದಿರಲಿ, ಅಧ್ಯಾಪಕರು ಅಥವಾ ಅಟೆಂಡರ್ ಜೊತೆಗಿರಲಿ. ಮಕ್ಕಳು ಇಬ್ಬಿಬ್ಬರಾಗಿ ಕೂರಲಿ. ಒಬ್ಬರು ಲವಣ ಆರಿಸಿ ಹೆಸರನ್ನು ಚೀಟಿಯಲ್ಲಿ ಬರೆದು ಮಡಿಸಿಟ್ಟು ಇನ್ನೊಬ್ಬರಿಗೆ ಪುಡಿಯನ್ನಷ್ಟೇ ಕೊಡಲಿ. ಬರೆಯುವುದೆಲ್ಲ ಮುಗಿದ ಮೇಲೆಯೇ ಚೀಟಿ ತೆರೆಯಬೇಕು. ಉತ್ತರ ತಪ್ಪಿದ್ದರೆ ಯಾವ ಹಂತದಲ್ಲಿ ದಾರಿ ತಪ್ಪಿತು ಎಂದು ಹುಡುಕಿ, ಆ ಒಂದು ಪರೀಕ್ಷೆಯನ್ನು ಮತ್ತೆ ಮಾಡಬೇಕು. ಆರಂಭಕ್ಕೆ ಅಮೋನಿಯಂ, ಕಾರ್ಬೊನೇಟುಗಳಂಥ ಸುಲಭದವು ಸಾಕು. ಆಮೇಲೆ ಒಂದನ್ನೊಂದು ಹೋಲುವ ಬೇರಿಯಂ, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂಗಳು. ಮೆಗ್ನೀಸಿಯಂ ಕೊನೆಗಿರಲಿ. ಅದರಲ್ಲಿ ಐದು ಗುಂಪು ದಾಟಿದರೂ ಏನೂ ಬೀಳುವುದಿಲ್ಲ, ಆರನೆಯದಕ್ಕೆ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ಹಾಕಿದರೂ ಕೆಲವೊಮ್ಮೆ ತಕ್ಷಣ ಬೀಳದು. ಗಾಜಿನ ಕಡ್ಡಿಯಿಂದ ಪ್ರನಾಳದ ಒಳಗೋಡೆಯನ್ನು ಕೆರೆದು ಕೆಲವು ನಿಮಿಷ ಕಾಯಬೇಕು. ‘ಇಲ್ಲ’ ಎಂದು ಬರೆಯುವುದಿದ್ದರೆ ಅದರ ನಂತರವೇ.