ಮೊದಲು ಪ್ರಾಣ, ಅನಂತರ ಪಂಚನಾಮೆ

ಕೆಲವು ವರ್ಷಗಳ ಹಿಂದೆ ಶಿರಹಟ್ಟಿಯ ಹಾದಿಯಲ್ಲಿ ಮೋಟಾರು ಸೈಕಲ್ಲಿನಿಂದ ಬಿದ್ದು ತಲೆಯೊಡೆದುಕೊಂಡ ತರುಣನೊಬ್ಬನನ್ನು ನಾವು ಸಮೀಪದ ದವಾಖಾನೆಯೊಂದಕ್ಕೆ ಒಯ್ದೆವು. "ಇದು ಪೊಲೀಸ್ ಕೇಸು, ಗದಗಿಗೆ ಒಯ್ಯಿರಿ" ಎಂದು ಅಲ್ಲಿಯ ಡಾಕ್ಟರರು ಗಾಯಕ್ಕೆ ಬಟ್ಟೆಯನ್ನೂ ಸುತ್ತದೆ ಕಳಿಸಿಬಿಟ್ಟರು. ದೈವವಶಾತ್ ತರುಣನು ಬದುಕಿದನು. ಆದರೆ ಹಾದಿಯುದ್ದಕ್ಕೂ ಅವನ ರಕ್ತವು ನಮ್ಮ ಧೋತರವನ್ನು ತೋಯಿಸುತ್ತಿದ್ದುದನ್ನು ನಾವಿನ್ನೂ ಮರೆತಿಲ್ಲ.

ಆ ಡಾಕ್ಟರರನ್ನು ನಿರ್ದಯರೆನ್ನಲಾರೆವು. ಅವರು ಕಾಯಿದೆಯನ್ನರಿಯದೆ ಕಾಯಿದೆಗಂಜಿದವರು. ಕಾರು ಬಡಿದು ಗಾಯಗೊಂಡ ಸ್ಕೂಟರ್ ಸವಾರನೊಬ್ಬನನ್ನು ಹೀಗೆಯೇ 20 ಕಿ.ಮೀ. ದೂರದ ಆಸ್ಪತ್ರೆಗೆ ಕಳಿಸಲು, ಅವನು ಅಲ್ಲಿಗೆ ಮುಟ್ಟುವ ಮೊದಲೇ ಅಸುನೀಗಿದನೆಂಬ ಪತ್ರಿಕಾವಾರ್ತೆಯನ್ನು ಹಿಡಿದು ಪರಮಾನಂದ ಕಟಾರಾ ಎಂಬವರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ವೈದ್ಯನು ಸರಕಾರಿಯಿರಲಿ ಖಾಸಗಿಯಿರಲಿ, ಮೊದಲು ಪ್ರಾಣವನ್ನುಳಿಸತಕ್ಕದ್ದು, ಯಾವ ಕಾಯಿದೆಯೂ ಅದಕ್ಕೆ ಅಡ್ಡಬರಕೂಡದು ಎಂದು 1989ರಲ್ಲಿ ತೀರ್ಪಾಯಿತು. ಲಕ್ಷ್ಮೇಶ್ವರದಿಂದ ಗದಗ-ಬೆಟಗೇರಿಗೆ ಸುಮಾರು 40 ಕಿ.ಮೀ.; ಮುಂಡರಗಿಯಿಂದಲೂ ಹೆಚ್ಚುಕಡಿಮೆ ಅಷ್ಟೇ. ದೊಡ್ಡ ಆಸ್ಪತ್ರೆಗೆ ಕಳಿಸುವುದು ತಪ್ಪಲ್ಲ. ರಕ್ತವನ್ನು ನಿಲ್ಲಿಸದೆ ಕಳಿಸುವುದು ತಪ್ಪು.

ಹಾಗೆಂದು ಪೊಲೀಸರಿಗೆ ತಿಳಿಸುವುದು ವ್ಯರ್ಥ ಕಾಟವೆಂದು ಭಾವಿಸಲಾಗದು. ಅಪಘಾತ, ಹೊಡೆದಾಟ, ಸುಟ್ಟಗಾಯ, ವಿಷಪ್ರಾಶನ ಇಂಥವುಗಳಲ್ಲಿ ಡಾಕ್ಟರರು ಠಾಣೆಗೆ ಸುದ್ದಿ ಕಳಿಸಿ, ರೋಗಿಯು ಬಂದ ವೇಳೆ, ಗಾಯದ ಅಳತೆ, ಮೈಮೇಲಿನ ಗುರುತುಗಳನ್ನು ಬರೆದಿಡಬೇಕು. ರಕ್ತ ಸೋಂಕಿದ ಬಟ್ಟೆ, ಹೊಟ್ಟೆ ತೊಳೆದ ನೀರು ಇವನ್ನು ಮುದ್ರೆಯೊತ್ತಿ ಕಾಯ್ದಿಡಬೇಕು. ಮಾತು ನಿಂತವನ ಪರವಾಗಿ ಮುಂದೆ ಕೋರ್ಟಿನಲ್ಲಿ ಸಾಕ್ಷಿ ನುಡಿಯುವುದು ಆ ಕಾಗದವೇ.

ಇದು ಹೊಸ ಧರ್ಮವೂ ಅಲ್ಲ. ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಗುಟ್ಟಾಗಿ ಗಾಯಕ್ಕೆ ಔಷಧ ಮಾಡಿಸಿಕೊಳ್ಳುವವನ ಸಂಗತಿಯನ್ನು ವೈದ್ಯನೂ ಮನೆಯೊಡೆಯನೂ ಅಧಿಕಾರಿಗೆ ತಿಳಿಸಬೇಕು, ಇಲ್ಲದಿದ್ದರೆ ಅವರೂ ಸಮಾನದೋಷಿಗಳು ಎಂಬ ವಿಧಿಯುಂಟು.

ವೈದ್ಯನೊಡನೆ ಮನೆಯೊಡೆಯನನ್ನೂ ಕೌಟಿಲ್ಯನು ಹೆಸರಿಸಿದ್ದನ್ನು ವಾಚಕರು ಗಮನಿಸಬೇಕು. ಮನೆಯಲ್ಲಿ ಯಾರಾದರೂ ಬೆಳೆಗೆ ಹೊಡೆಯುವ ಎಣ್ಣೆಯನ್ನು ಕುಡಿದಾಗ, ಮಾನಕ್ಕಂಜಿ "ವಾಂತಿಭೇದಿ" ಎಂದು ಹೇಳುವವರು ನಮ್ಮಲ್ಲಿ ಇದ್ದಾರೆ. ವಿಷವು ಯಾವುದೆಂದು ತಿಳಿಯದೆ ಡಾಕ್ಟರರು ತಕ್ಕ ಮದ್ದನ್ನು ಹೇಗೆ ಕೊಟ್ಟಾರು? ಇದ್ದುದನ್ನು ಇದ್ದಂತೆ ಹೇಳಿ, ಆ ಡಬ್ಬಿಯನ್ನೂ ಒಯ್ಯಿರಿ. ಹಾದಿಯಲ್ಲಿ ಬಿದ್ದವನನ್ನು ಎತ್ತಲಿಕ್ಕೂ ಅಂಜಬೇಡಿರಿ. ಸದ್ಭಾವದಿಂದ ನೆರವಾದವನ ಮೇಲೆ ಹೊಣೆ ಹೊರಿಸಕೂಡದೆಂದು ಮೋಟಾರು ವಾಹನ ಕಾಯಿದೆಯೇ 2019ರ ತಿದ್ದುಪಡಿಯಲ್ಲಿ ಅಭಯವಿತ್ತಿದೆ.