ಗೊರಕೆಯ ಯಂತ್ರ ಮನೆಗೆ ಬಂದಿದೆಯೆ? ಅದರ ಪೈಪಿನ ಆರೈಕೆ ಹೀಗೆ ಮಾಡಿ

ಗೊರಕೆ ಎಂದರೆ ನಮ್ಮಲ್ಲಿ ನಗೆಯ ಮಾತು. "ನಮ್ಮ ಮನಿಯವರು ಗೊರಕಿ ಹೊಡದ್ರ ಓಣಿ ಮಂದಿ ಎದ್ದು ಕೂಡತಾರ್ರಿ" ಎಂದು ಹೇಳಿ ನಕ್ಕು ಬಿಡುತ್ತೇವೆ. ಆದರೆ ಗೊರಕೆಯ ನಡುವೆ ಥಟ್ಟನೆ ಉಸಿರು ನಿಂತು, ಹತ್ತಿಪ್ಪತ್ತು ಸೆಕೆಂಡಾದ ಮೇಲೆ ಗಕ್ಕನೆ ಉಸಿರೆಳೆದು ಮತ್ತೆ ಗೊರಕೆ ಸುರುವಾಗುತ್ತಿದ್ದರೆ ಅದು ನಗುವ ಮಾತಲ್ಲ. ವೈದ್ಯರು ಅದನ್ನು 'ಸ್ಲೀಪ್ ಆಪ್ನಿಯಾ' ಎನ್ನುತ್ತಾರೆ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಇದನ್ನು ಅಲಕ್ಷಿಸಿದರೆ ರಕ್ತದೊತ್ತಡ ಏರುತ್ತದೆ, ಹೃದಯಕ್ಕೆ ಹೊರೆಯಾಗುತ್ತದೆ. ಹಗಲೆಲ್ಲ ತೂಕಡಿಕೆ. ಸಿಂದಗಿಯಿಂದ ವಿಜಯಪುರಕ್ಕೆ ಮೋಟರ್ ಸೈಕಲ್ ಮೇಲೆ ಹೋಗುವವರಿಗೆ, ಟ್ರ್ಯಾಕ್ಟರ್ ಹೊಡೆಯುವವರಿಗೆ ಆ ತೂಕಡಿಕೆ ಒಂದೇ ಜೀವಕ್ಕೆ ಕುತ್ತು.

'ಆಫ್ರಿಕಾದಲ್ಲಿ ಶೀಲಾ' ಚಿತ್ರಕ್ಕೆ ಸಂಗೀತ ಕೊಟ್ಟ ಬಪ್ಪಿ ಲಾಹಿರಿ 2022ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ತೀರಿಕೊಂಡಾಗ ವೈದ್ಯರು ಈ ಕಾಯಿಲೆಯ ಹೆಸರನ್ನೇ ಹೇಳಿದರು. ಅಂದಿನಿಂದ ನಮ್ಮ ಸಣ್ಣ ಊರುಗಳಲ್ಲೂ ಇದರ ಮಾತು ಕೇಳಿಬರುತ್ತಿದೆ.

ಇದಕ್ಕೆ ಇರುವ ಮುಖ್ಯ ಉಪಾಯ 'ಸಿಪ್ಯಾಪ್' ಎಂಬ ಗಾಳಿಯ ಯಂತ್ರ. 1980ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಡಾ. ಕಾಲಿನ್ ಸಲಿವನ್ ಇದನ್ನು ಮೊದಲು ಬಳಸಿದರು. ಇದು ಆಕ್ಸಿಜನ್ ಯಂತ್ರವಲ್ಲ. ಕೋಣೆಯ ಗಾಳಿಯನ್ನೇ ಎಳೆದು, ಪೈಪು ಮತ್ತು ಮಾಸ್ಕಿನ ಮೂಲಕ ಒತ್ತಡದಿಂದ ಬಿಟ್ಟು ಗಂಟಲಿನ ದಾರಿ ಮುಚ್ಚದಂತೆ ನೋಡಿಕೊಳ್ಳುತ್ತದೆ. ಎಷ್ಟು ಒತ್ತಡ ಬೇಕೆಂದು ಡಾಕ್ಟರರು ಗೊತ್ತು ಮಾಡಿರುತ್ತಾರೆ. ಪೈಪು ಸೋರಿದರೆ ಆ ಲೆಕ್ಕವೆಲ್ಲ ತಪ್ಪುತ್ತದೆ. ಸಾವಿರಾರು ರೂಪಾಯಿ ಕೊಟ್ಟು ತಂದ ಯಂತ್ರ ಎಷ್ಟೋ ಮನೆಗಳಲ್ಲಿ ಅಟ್ಟ ಸೇರುವುದು ಇಂಥ ಸಣ್ಣ ತೊಂದರೆಯಿಂದಲೇ. ಪೈಪಿನ ಆರೈಕೆ ಏನೂ ಕಷ್ಟವಲ್ಲ, ಸೋದರಿಯರೆ. ದಿನವೂ ಹಾಲಿನ ಪಾತ್ರೆ ತೊಳೆಯುವ ಕೈಗೆ ಇದು ಹೊಸ ಕೆಲಸವಲ್ಲ.

ವಾರಕ್ಕೊಮ್ಮೆ ತೊಳೆಯಿರಿ

ಬೆಳಿಗ್ಗೆಯೇ ತೊಳೆದರೆ ರಾತ್ರಿಯೊಳಗೆ ಒಣಗುತ್ತದೆ. ಮೊದಲು ಯಂತ್ರದ ಪ್ಲಗ್ಗು ತೆಗೆಯಿರಿ. ಪೈಪನ್ನು ನಡುವೆ ಹಿಡಿದು ಎಳೆಯಬೇಡಿ. ತುದಿಯ ಗಟ್ಟಿ ಬಳೆಯನ್ನು ಹಿಡಿದು ಮೆಲ್ಲಗೆ ಬಿಡಿಸಿರಿ. ಬೋಗುಣಿಯಲ್ಲಿ ಉಗುರು ಬೆಚ್ಚಗಿನ ನೀರು, ಅದಕ್ಕೆ ಪಾತ್ರೆ ತೊಳೆಯುವ ಸೌಮ್ಯ ಸೋಪಿನ ನಾಲ್ಕು ಹನಿ ಸಾಕು. ಪೈಪಿನೊಳಗೆ ನೀರು ತುಂಬಿ ಎರಡೂ ತುದಿ ಹಿಡಿದು ಅತ್ತಿತ್ತ ಆಡಿಸಿರಿ. ಆಮೇಲೆ ಸೋಪು ಪೂರ್ತಿ ಹೋಗುವವರೆಗೆ ಒಳ್ಳೆಯ ನೀರಿನಲ್ಲಿ ಜಾಲಿಸಿರಿ.

ಎರಡೂ ತುದಿ ಕೆಳಗಿರುವಂತೆ ನೆರಳಿನಲ್ಲಿ ಹಗ್ಗದ ಮೇಲೆ ಹಾಕಿರಿ. ನಮ್ಮ ಕಡೆಯ ಬಿಸಿಲಿಗೆ ಒಣಹಾಕಿದರೆ ಪ್ಲಾಸ್ಟಿಕ್ ಬಿರುಸಾಗಿ ಬಿರಿಯುತ್ತದೆ. ಕುದಿಯುವ ನೀರು, ಬ್ಲೀಚಿಂಗ್ ಪುಡಿ, ಡೆಟಾಲು, ಸ್ಪಿರಿಟ್ಟು ಯಾವುದೂ ಬೇಡ. ಇಂಡಿಯ ಲಿಂಬೆ ತಾಮ್ರದ ತಂಬಿಗೆಗೆ ಚೆಂದ, ಈ ಪೈಪಿಗೆ ಬೇಡ. ಕೆಲವು ಪೈಪುಗಳಲ್ಲಿ ಬಿಸಿ ಮಾಡುವ ತಂತಿ ಇರುತ್ತದೆ. ಅಂಥದ್ದನ್ನು ಯಂತ್ರದ ಪುಸ್ತಕ ನೋಡಿಯೇ ತೊಳೆಯಿರಿ. ಪೂರ್ತಿ ಒಣಗದೆ ಜೋಡಿಸಬೇಡಿ.

ಪೈಪಿನಲ್ಲಿ ಗುಳುಗುಳು ಸದ್ದೆ?

ಡಿಸೆಂಬರ್ ಚಳಿಯಲ್ಲಿ "ರಾತ್ರಿ ಮೂಗಿನ್ಯಾಗ ನೀರ ಬರತಾವ" ಎಂದು ಯಜಮಾನರು ಸಿಟ್ಟಾಗುವುದುಂಟು. ಅನ್ನದ ಪಾತ್ರೆಯ ಮುಚ್ಚಳದ ಒಳಗೆ ಹನಿ ಕೂಡುವಂತೆಯೇ ಇದು. ಯಂತ್ರದ ನೀರಿನ ಡಬ್ಬಿಯಿಂದ ಬರುವ ಬೆಚ್ಚನೆಯ ತೇವದ ಗಾಳಿ ತಣ್ಣಗಿನ ಪೈಪಿಗೆ ತಗುಲಿ ನೀರಾಗುತ್ತದೆ. ಯಂತ್ರವನ್ನು ಮಂಚಕ್ಕಿಂತ ತಗ್ಗಿನ ಸ್ಟೂಲಿನ ಮೇಲಿಡಿ. ನೀರು ಮುಖದ ಕಡೆ ಬರುವುದಿಲ್ಲ. ತೇವದ ಗುಂಡಿಯನ್ನು ಒಂದು ಅಂಕಿ ಇಳಿಸಿರಿ. ಹಳೆಯ ಸೀರೆಯ ದಪ್ಪ ಬಟ್ಟೆಯಿಂದ ಉದ್ದನೆಯ ಚೀಲ ಹೊಲಿದು ಪೈಪಿಗೆ ತೊಡಿಸಿರಿ, ಇಲ್ಲವೆ ಪೈಪನ್ನು ಕೌದಿಯ ಒಳಗೆ ಹಾಯಿಸಿರಿ.

ಡಬ್ಬಿಗೆ ಔಷಧದ ಅಂಗಡಿಯ ಡಿಸ್ಟಿಲ್ಡ್ ವಾಟರ್ ಒಳ್ಳೆಯದು. ಬೋರಿನ ಸವಳು ನೀರು ಬಿಳಿ ಕರೆ ಕಟ್ಟುತ್ತದೆ. ಕುದಿಸಿದರೂ ಅದರ ಉಪ್ಪು ಹೋಗುವುದಿಲ್ಲ. ಉಳಿದ ನೀರನ್ನು ದಿನವೂ ಚೆಲ್ಲಿರಿ. ಡಬ್ಬಿಯಲ್ಲಿ ನೀರಿರುವಾಗ ಯಂತ್ರವನ್ನು ಎತ್ತಾಡಬೇಡಿ.

ಸೋರಿಕೆ ಪತ್ತೆ

ನಿಂತಿದ್ದ ಗೊರಕೆ ಮತ್ತೆ ಕೇಳುತ್ತಿದ್ದರೆ, ಪೈಪಿನ ಹತ್ತಿರ ಸುಯ್ ಎನ್ನುತ್ತಿದ್ದರೆ, ಬೆಳಿಗ್ಗೆ ಬಾಯಿ ಒಣಗಿ ತಲೆ ನೋಯುತ್ತಿದ್ದರೆ ಪೈಪು ಸೋರುತ್ತಿರಬಹುದು. ಯಂತ್ರ ಹಚ್ಚಿ, ಮಾಸ್ಕು ಬಿಚ್ಚಿ, ಪೈಪಿನ ತುದಿಯನ್ನು ಅಂಗೈಯಿಂದ ಮುಚ್ಚಿರಿ. ಇನ್ನೊಂದು ಒದ್ದೆ ಕೈಯನ್ನು ಪೈಪಿನುದ್ದಕ್ಕೂ ಆಡಿಸಿರಿ. ಸೋರುವ ಕಡೆ ತಣ್ಣಗೆ ಗಾಳಿ ತಗಲುತ್ತದೆ. ತಿಳಿಯದಿದ್ದರೆ ತೊಳೆಯುವಾಗ ಒಂದು ತುದಿ ಮುಚ್ಚಿ ನೀರು ತುಂಬಿ ನೋಡಿರಿ. ತೂತು ಇದ್ದಲ್ಲಿ ಹನಿ ಜಿನುಗುತ್ತದೆ. ಆ ಒಂದು ರಾತ್ರಿಗೆ ಟೇಪು ಸುತ್ತಬಹುದು, ಆದರೆ ಬೇಗನೆ ಹೊಸ ಪೈಪು ತರಿಸಿರಿ.

ಒಂದು ಮಾತು ಮಾತ್ರ ಮರೆಯಬೇಡಿ. ಮಾಸ್ಕಿನಲ್ಲಿಯೇ ಸಣ್ಣ ಸಣ್ಣ ತೂತುಗಳಿರುತ್ತವೆ. ಅಲ್ಲಿಂದ ಗಾಳಿ ಬರುವುದು ಸೋರಿಕೆಯಲ್ಲ. ಬಿಟ್ಟ ಉಸಿರು ಹೊರಗೆ ಹೋಗುವ ದಾರಿ ಅದು. ಅದನ್ನು ಟೇಪಿನಿಂದ ಮುಚ್ಚಿದರೆ ಬಿಟ್ಟ ಕೆಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಇದು ಅಪಾಯ. ಕರೆಂಟು ಹೋಗಿ ಯಂತ್ರ ನಿಂತರೂ ಮಾಸ್ಕು ತೆಗೆದುಬಿಡಿ. ಪದೇ ಪದೇ ಹೋಗುವ ಊರಾದರೆ ಯಂತ್ರವನ್ನು ಇನ್ವರ್ಟರಿಗೆ ಜೋಡಿಸಬಹುದೆ ಎಂದು ಮಾರಿದವರನ್ನು ಕೇಳಿರಿ.

ಧೂಳು, ಹೊಗೆ, ಇಲಿ

ಜೋಳದ ರಾಶಿಯ ದಿನಗಳಲ್ಲಿ ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮನೆಗಳಲ್ಲಿ ಧೂಳಿಗೆ ಬರವೇ? ಯಂತ್ರದ ಗಾಳಿ ಜಾಲರಿಯನ್ನು ವಾರಕ್ಕೊಮ್ಮೆ ನೋಡಿ, ಕಪ್ಪಾಗಿದ್ದರೆ ಬದಲಿಸಿರಿ. ಸೊಳ್ಳೆ ಬತ್ತಿ, ಊದಿನಕಡ್ಡಿ, ಧೂಪ ಯಂತ್ರದ ಹತ್ತಿರ ಬೇಡ, ಆ ಹೊಗೆಯೆಲ್ಲ ನೇರ ಎದೆಗೆ ಹೋಗುತ್ತದೆ. ಹಗಲಿನಲ್ಲಿ ಒಣಗಿದ ಪೈಪನ್ನು ತೆಳುವಾದ ಹತ್ತಿ ಬಟ್ಟೆಯ ಚೀಲದಲ್ಲಿಟ್ಟು ಎತ್ತರಕ್ಕೆ ತೂಗುಹಾಕಿದರೆ ಇಲಿ, ಜಿರಲೆಗಳ ಕಾಟವಿಲ್ಲ.

ಬದಲಿಸುವುದು ಯಾವಾಗ?

ಬಿರುಕು, ಹಳದಿ ಬಣ್ಣ, ಕಪ್ಪು ಚುಕ್ಕೆ, ತೊಳೆದರೂ ಹೋಗದ ವಾಸನೆ ಕಂಡರೆ ಪೈಪಿನ ಕಾಲ ಮುಗಿಯಿತೆಂದೇ ತಿಳಿಯಿರಿ. ಹೆಚ್ಚಿನ ಪೈಪುಗಳು ಸುಮಾರು ಆರು ಅಡಿ ಉದ್ದ, ಒಳಗಿನ ಅಗಲ ಸುಮಾರು 22 ಮಿಲಿಮೀಟರು. 15 ಮಿಲಿಮೀಟರಿನ ಸಪೂರ ಪೈಪು ಹಾಕಿದರೆ ಯಂತ್ರದಲ್ಲೂ ಅದನ್ನು ಹೊಂದಿಸಬೇಕಾಗುತ್ತದೆ. ಆದ್ದರಿಂದ ಅಂಗಡಿಗೆ ಹಳೆಯ ಪೈಪು ಒಯ್ಯಿರಿ. ಎರಡು ಪೈಪು ಕೂಡಿಸಿ ಉದ್ದ ಮಾಡಬೇಡಿ. ನಮ್ಮ ಊರುಗಳಲ್ಲಿ ಕೇಳಿದ ಕೂಡಲೆ ಸಿಗುವ ವಸ್ತು ಇದಲ್ಲ, ಮನೆಯಲ್ಲಿ ಒಂದು ಹೆಚ್ಚಿನದು ಇರಲಿ.

ಕೊನೆಗೆ ನಿಮ್ಮ ಮಾತು. ಗಂಡಸರ ಗೊರಕೆಯನ್ನು ಹೆಂಡತಿ ಹೇಳುತ್ತಾಳೆ, ಹೆಂಗಸರದನ್ನು ಹೇಳುವವರಾರು? ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಈ ಕಾಯಿಲೆ ಹೆಚ್ಚುತ್ತದೆ. ಎಷ್ಟು ಮಲಗಿದರೂ ದಣಿವು, ಬೆಳಿಗ್ಗೆ ತಲೆನೋವು, ನಡುರಾತ್ರಿ ಉಸಿರುಗಟ್ಟಿ ಎಚ್ಚರವಾಗುವುದು ಇವೆಲ್ಲ ಅದರ ಗುರುತು. "ಕೆಲಸ ಭಾಳ, ಅದಕ್ಕ ದಣಿವು" ಎಂದು ಸುಮ್ಮನಾಗದೆ ಡಾಕ್ಟರರಿಗೆ ತೋರಿಸಿರಿ. ಮನೆಯವರ ಉಸಿರು ಕಾಯುವ ನಿಮ್ಮ ಉಸಿರೂ ಅಷ್ಟೇ ದೊಡ್ಡದು.